ರಟ್ಟಿನ ಇಂಜಿನ್ನಿಗೆ ತುಕ್ಕು

ನಮ್ಮ ಸೋದರಮಾವನಷ್ಟು ದೊಡ್ಡ ಸುಳ್ಳುಗಾರ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲ್ಲೂಕು ಸೋಸಿದರೂ ಇನ್ನೊಬ್ಬ ಸಿಗುವುದಿಲ್ಲ. ಇದನ್ನು ನಾನು ಬೆನ್ನ ಹಿಂದೆ ಆಡುತ್ತಿಲ್ಲ, ಮುಖದ ಮೇಲೇ ಹೇಳಿದ್ದೇನೆ. ಹೇಳಿದಾಗ ಮಾವ ಸಿಟ್ಟಾಗಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, "ಇನ್ನೊಮ್ಮಿ ಜೋರಾಗಿ ಅನ್ನು, ನಿಮ್ಮತ್ತಿಗೂ ಕೇಳಲಿ" ಎಂದ!

ಹಾಗಂತ ಅವನ ಬಾಯಿಂದ ಒಂದೇ ಒಂದು ಸುಳ್ಳು ಬಂದದ್ದನ್ನು ನಾನು ಕೇಳಿಲ್ಲ. ಮೂವತ್ತು ವರ್ಷ ಹಾನಗಲ್ಲಿನ ದನದ ದವಾಖಾನೆಯಲ್ಲಿ ಕಂಪೌಂಡರನಾಗಿ ದುಡಿದು ನಿವೃತ್ತನಾದ ಮನುಷ್ಯ. ಎಮ್ಮೆಗೆ ಸುಳ್ಳು ಹೇಳಿ ಬದುಕಲಾದೀತೇ? ಅವನ ಸುಳ್ಳೆಲ್ಲ ಕೈಯೊಳಗಿನದು. ರಟ್ಟು, ಕಟ್ಟಿಗೆ ಚೂರು, ಪ್ಲಾಸ್ಟಿಕ್ ಪೈಪು, ಔಷಧದ ಬಾಟಲಿಯ ಮುಚ್ಚಳ ಇಂಥವುಗಳಿಂದ ಇಂಜಿನ್ನಿನ ಭಾಗಗಳನ್ನು ಪುಟ್ಟದಾಗಿ, ಅಳತೆ ತಪ್ಪದಂತೆ ಮಾಡುತ್ತಾನೆ. ಆಮೇಲೆ ಅವಕ್ಕೆ ಬಣ್ಣ ಹಚ್ಚಿ ಕಬ್ಬಿಣವೆಂದು ನಂಬಿಸುತ್ತಾನೆ. ಪಿಸ್ಟನ್ನು, ಸೈಲೆನ್ಸರು, ಗಾಲಿ, ನಟ್ಟು, ಬೋಲ್ಟು! ನೋಡಿದವರಿಗೆ ಅದು ಕಬ್ಬಿಣ, ಹತ್ತಿರ ಬಂದು ಕಣ್ಣರಳಿಸಿದವರಿಗೂ ಕಬ್ಬಿಣ. ಎತ್ತಿದವರಿಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ.

ನಾನು ಅಕ್ಕಿಆಲೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ಗಿರಣಿಯವನು ಪ್ರಬಂಧ ಬರೆಯುವುದೇ ಎಂದು ನಿಮಗೆ ಗಾಬರಿಯಾಗಿದ್ದರೆ ಒಳ್ಳೆಯದೇ ಆಯಿತು. ಮೂರು ವರ್ಷದಿಂದ ಈ ಮಾವನ ಕೈಗೆ ಸಿಕ್ಕು ನಾನು ಪಟ್ಟ ಗಾಬರಿಯಲ್ಲಿ ನಿಮಗೂ ಸ್ವಲ್ಪ ಪಾಲು ಬರಲಿ.

ಈ ಹುಚ್ಚು ಹತ್ತಿದ್ದು ಗೊಟಗೋಡಿಯಲ್ಲಿ. ಮಾವ ನಿವೃತ್ತನಾದ ಮರುವಾರ ನಾವೆಲ್ಲ ಅಲ್ಲಿಯ ರಾಕ್ ಗಾರ್ಡನ್ನಿಗೆ ಹೋಗಿದ್ದೆವು. ಸಿಮೆಂಟಿನಲ್ಲಿ ಮಾಡಿದ ಮನುಷ್ಯರು, ದನಕರುಗಳು ಅಲ್ಲಿ ಜೀವ ಬಂದಂತೆ ನಿಂತಿರುತ್ತವೆ. ನಾವು ಫೋಟೋ ತೆಗೆಸಿಕೊಳ್ಳುವ ಗಡಿಬಿಡಿಯಲ್ಲಿದ್ದಾಗ ಮಾವ ಒಂದು ಎಮ್ಮೆಯ ಪಕ್ಕ ನಿಂತು ಅದರ ಎಡಹೊಟ್ಟೆಯನ್ನೇ ದಿಟ್ಟಿಸತೊಡಗಿದ. ಆಮೇಲೆ ಅದರ ಹಗ್ಗ ಹಿಡಿದಿದ್ದ ರೈತನಿಗೆ, "ಹೊಟ್ಟಿ ಉಬ್ಬೈತಲ್ಲೋ ತಮ್ಮಾ, ಎಷ್ಟು ದಿನಾ ಆತು ಮೆಲಕ ಹಾಕಿ?" ಎಂದು ಕೇಳಿದ. ರೈತ ಉತ್ತರ ಕೊಡಲಿಲ್ಲ. "ನಿನಗ ಕೇಳಾಕತ್ತೇನಿ!" ಎಂದು ಮಾವ ಅವನ ಭುಜ ಹಿಡಿದು ಅಲುಗಾಡಿಸಲು ಹೋದ. ರೈತನೂ ಸಿಮೆಂಟಿನವನು!

ಹಿಂದಿರುಗುವಾಗ ಬಸ್ಸಿನಲ್ಲಿ ಮಾವ ಕನ್ನಡಕ ತೆಗೆದು ಒರೆಸುತ್ತಲೇ ಕುಳಿತಿದ್ದ. ದಾರಿಯಲ್ಲಿ ಕೊಡಿಸಿದ ಮಿರ್ಚಿ ಭಜಿಯನ್ನೂ ಮುಟ್ಟಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಒಂದೇ ಮಾತು ಹೇಳಿದ. "ಮೂವತ್ತು ವರ್ಷ ಎಮ್ಮಿ ನೋಡಿದ ಕಣ್ಣಿಗೆ ಮಣ್ಣ ಎರಚ್ಯಾರ ಅಂದ್ರ, ಬಣ್ಣದ ತಾಕತ್ತು ಏನಿರಬೇಕಲೇ! ಸಿಮೆಂಟು ಎಮ್ಮಿ ಆಗೂದಾದ್ರ, ರಟ್ಟು ಕಬ್ಬಿಣ ಯಾಕ ಆಗಬಾರದು?"

ಆಗಬಾರದು ಎನ್ನಲು ನಮ್ಮಲ್ಲಿ ಯಾರಿಗೂ ಕಾರಣ ಹೊಳೆಯಲಿಲ್ಲ. ಅಲ್ಲಿಗೆ ನಮ್ಮ ನೆಮ್ಮದಿ ಮುಗಿಯಿತು.

ಹಿತ್ತಿಲ ಕೋಣೆಯಿಂದ ಅತ್ತೆಯ ಉಳ್ಳಾಗಡ್ಡಿ ಚೀಲಗಳು ಹೊರಬಿದ್ದವು, ಮಾವ ಒಳಗೆ ಸೇರಿಕೊಂಡ. ಅಲ್ಲಿಯ ಸಾಮಾನು ನೋಡಿದರೆ ಅದು ದವಾಖಾನೆಯೋ, ಅಡುಗೆಮನೆಯೋ, ಮಾಟಗಾರನ ಮನೆಯೋ ತಿಳಿಯುವುದಿಲ್ಲ. ಕುಂಚ ಮಾಡಿದ್ದು ಎಮ್ಮೆಯ ಬಾಲದ ಕೂದಲಿನಿಂದ. ಎಣ್ಣೆ ಸೋರಿದ ಕಲೆಯನ್ನು ಒಂದೊಂದೇ ಹನಿ ಇಳಿಸುವುದು ಇಂಜೆಕ್ಷನ್ ಸೂಜಿಯಿಂದ. ಹೊಗೆಯ ಮಸಿಗೆ ಅತ್ತೆಯ ಕಾಡಿಗೆ. ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಂತೆ ಕಾಣಬೇಕಾದರೆ ಅಡುಗೆಯ ಹರಳುಪ್ಪು! ಹಸಿ ಇದ್ದಾಗ ಉಪ್ಪು ಉದುರಿಸಿ, ಮೇಲೆ ಇನ್ನೊಂದು ಬಣ್ಣ ಬಳಿದು, ಒಣಗಿದ ಮೇಲೆ ಉಪ್ಪನ್ನು ತಿಕ್ಕಿ ತೆಗೆದರೆ ಇಪ್ಪತ್ತು ವರ್ಷ ದುಡಿದ ಇಂಜಿನ್ನಿನ ಮೈ ಸಿದ್ಧ. ಮೊದಲ ಸಲ ನೋಡಿದಾಗ ನಾನು ಬಾಯಿ ತೆರೆದವನು ಮುಚ್ಚುವುದನ್ನು ಮರೆತೆ.

"ಇಷ್ಟೆಲ್ಲಾ ಯಾಕ ಮಾವಾ? ಬೆಳ್ಳಿ ಬಣ್ಣದ ಒಂದು ಡಬ್ಬಿ ತಂದು ಬಳದುಬಿಡು" ಎಂದು ಸಲಹೆ ಕೊಟ್ಟೆ. ಮಾವ ನನ್ನನ್ನು ಕಾಲುಬಾಯಿ ಬೇನೆಯ ದನವನ್ನು ನೋಡುವಂತೆ ನೋಡಿದ.

"ಬೆಳ್ಳಿ ಬಣ್ಣ ಬಳದ್ರ ಕಬ್ಬಿಣ ಆಗಂಗಿಲ್ಲಲೇ, ಗಣಪತಿ ಮಂಟಪದ ಕಂಬ ಆಕ್ಕೈತಿ. ಎರಕದ ಕಬ್ಬಿಣಕ್ಕ ಮೊದಲ ಕಪ್ಪು. ಅದರ ಮ್ಯಾಲ ಪೆನ್ಸಿಲ್ ಪುಡಿ ಹಾಕಿ ಬೆರಳಲೆ ತಿಕ್ಕಬೇಕು. ಕಾದ ಸೈಲೆನ್ಸರಿಗೆ ಮೊದಲ ಒಣಹುಲ್ಲಿನ ಹಳದಿ, ಆಮ್ಯಾಲ ಕಂದು, ಆಮ್ಯಾಲ ನೇರಳಿಹಣ್ಣ ತಿಂದ ನಾಲಿಗಿ ಬಣ್ಣ, ಕಡೀಕ ನೀಲಿ. ನಿಮ್ಮಪ್ಪನ ಇಂಜಿನ್ ಮುಂದ ಹುಟ್ಟಿ ಬೆಳದಾಂವ ನೀನು, ಇಷ್ಟೂ ನೋಡಿಲ್ಲ?"

ನೋಡಿರಲಿಲ್ಲ. ಆ ಮಾತು ಆಗ ಚುಚ್ಚಲೂ ಇಲ್ಲ, ನಕ್ಕುಬಿಟ್ಟೆ.

ಕೋಣೆಯೊಳಗೆ ಇದ್ದಷ್ಟು ದಿನ ಈ ವಿದ್ಯೆ ಯಾರಿಗೂ ಅಪಾಯವಿರಲಿಲ್ಲ. ಆದರೆ ತುಕ್ಕಿನ ಅಭ್ಯಾಸಕ್ಕೆ ದೊಡ್ಡ ಜಾಗ ಬೇಕೆನಿಸಿ ಮಾವ ಒಂದು ಮಧ್ಯಾಹ್ನ ಅತ್ತೆಯ ಹೊಸ ಬಕೆಟ್ಟಿಗೆ ಕೈ ಹಾಕಿದ. ಹಿಂದಿನ ದಿನ ಸಂತೆಯಲ್ಲಿ ಕೊಂಡ ನೀಲಿ ಪ್ಲಾಸ್ಟಿಕ್ ಬಕೆಟ್ಟು ಅದು. ಸಂಜೆ ಅತ್ತೆ ನೀರು ತುಂಬಲು ಹೋದವಳು ಕಿಟಾರನೆ ಕಿರುಚಿಕೊಂಡಳು. ಓಣಿಯ ಹೆಂಗಸರೆಲ್ಲ ಹಾವೋ ಚೇಳೋ ಎಂದು ಓಡಿಬಂದರು. "ಪ್ಲಾಸ್ಟಿಕ್ ಬಕೀಟಿಗೆ ತುಕ್ಕ ಹಿಡದೈತಿ ನೋಡ್ರೇ! ಒಂದ ರಾತ್ರ್ಯಾಗ! ಕಲಿಗಾಲ ಅಂದ್ರ ಇದ ಏನಬೇ!" ಎಂದು ಅತ್ತೆ ಗಲ್ಲ ಗಲ್ಲ ಬಡಿದುಕೊಂಡಳು. ಗುಂಪಿನಲ್ಲಿದ್ದ ಒಬ್ಬ ಅಜ್ಜಿಯಂತೂ ದೃಷ್ಟಿಯಾಗಿದೆ ಎಂದು ಬಕೆಟ್ಟಿಗೆ ಮೆಣಸಿನಕಾಯಿ ನೀವಾಳಿಸಿಯೇ ಹೋದಳು.

ಅಂದಿನಿಂದ ಅತ್ತೆಗೆ ಲೋಹದ ಮೇಲಿನ ನಂಬಿಕೆಯೇ ಹೋಗಿದೆ. ಯಾವ ಪಾತ್ರೆ ಕೈಗೆ ಸಿಕ್ಕರೂ ಮೊದಲು ಬೆರಳು ಮಡಚಿ ಟಣ್ ಎಂದು ಬಡಿದು ನೋಡುತ್ತಾಳೆ. ಹಂಚು, ಕೊಡ, ದೇವರ ಸಮಯಿ ದೀಪ, ಯಾವುದನ್ನೂ ಬಿಟ್ಟಿಲ್ಲ. ಒಮ್ಮೆ ನಮ್ಮ ಮನೆಗೆ ಬಂದಾಗ ಮಾತಾಡುತ್ತ ಮಾತಾಡುತ್ತ ನನ್ನ ತಲೆಯನ್ನೂ ಬಡಿದು ನೋಡಿದಳು. ಏನು ಸದ್ದು ಬಂತು ಎಂಬುದನ್ನು ಮಾತ್ರ ಇಂದಿಗೂ ಹೇಳಿಲ್ಲ.

ಮುಂದಿನ ಬಲಿ ನನ್ನ ಹೆಂಡತಿಯ ತಂದೆ, ಹಿರೇಕೆರೂರಿನ ಬೀಗರು. ಅರವತ್ತು ದಾಟಿದರೂ ಗೋವಿನಜೋಳದ ಚೀಲವನ್ನು ಒಬ್ಬರೇ ಹೆಗಲಿಗೆ ಹಾಕುವ ಆಸಾಮಿ. ಆ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇದೆ. ಸವಣೂರಿನ ವೀಳ್ಯದೆಲೆಯ ಕಟ್ಟು ಹಿಡಿದುಕೊಂಡು ನನ್ನ ಜೊತೆ ಮಾವನ ಮನೆಗೆ ಬಂದರು. ಪಡಸಾಲೆಯ ಕುರ್ಚಿಯ ಮೇಲೆ ಊಟದ ತಾಟಿನಗಲದ ಒಂದು ಇಂಜಿನ್ ಗಾಲಿ ಒಣಗಲು ಇಟ್ಟಿತ್ತು. ಹಸಿ ಎಣ್ಣೆ ಸುರಿಯುವಂತಿದ್ದ ಅಪ್ಪಟ ಉಕ್ಕು! "ಎತ್ತಿ ಬಾಜೂಕ ಇಡ್ಲಿ?" ಎಂದು ಬೀಗರು ಕೂಗಿದರು. ಮಾವ ಒಳಗಿನಿಂದ, "ಸಾವಕಾಶ ರೀ!" ಎಂದ. ಈ ಸಾವಕಾಶವೇ ಅನರ್ಥಕ್ಕೆ ಕಾರಣ. ಬೀಗರು ಧೋತರದ ಕಚ್ಚೆ ಬಿಗಿದರು, ಕಾಲಗಲಿಸಿ ನಿಂತರು, ಉಸಿರು ಹಿಡಿದು "ಹ್ಞೂಂ" ಎಂದು ಎತ್ತಿದರು. ಗಾಲಿ ಅವರ ತಲೆಯ ಮೇಲಿಂದ ಹಾರಿ ಅಟ್ಟ ಸೇರಿತು. ಬೀಗರು ಹಿಂದಕ್ಕೆ ಬಿದ್ದು ಹೊರಸು ಮಂಚದ ಮೇಲೆ ಅಂಗಾತಾದರು.

ಮಾವ ಓಡಿಬಂದ. ಬೀಗರ ಕಡೆ ತಿರುಗಿಯೂ ನೋಡದೆ ನಿಚ್ಚಣಿಕೆ ಹಾಕಿ ಅಟ್ಟ ಹತ್ತಿದ! ಬೀಗರು ಮಾತ್ರ ಮಲಗಿದಲ್ಲಿಂದಲೇ ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. "ಬೀಗರ, ನನಗೇನಾತ್ರಿ ಇದು? ಇಷ್ಟ ತಾಕತ್ತು ಎಲ್ಲಿಂದ ಬಂತು?" ಎಂದರು. ನಿಜವನ್ನು ಅವರಿಗೆ ಇನ್ನೂ ಹೇಳಿಲ್ಲ. ಆ ವಯಸ್ಸಿನಲ್ಲಿ ಬಂದ ಖುಷಿಯನ್ನು ಕಸಿದುಕೊಳ್ಳುವುದು ಯಾವ ಧರ್ಮ?

ಇನ್ನು ಗುಜರಿಯವನ ಕಥೆ. ಹಳೆ ಕಬ್ಬಿಣ ಕೊಳ್ಳುತ್ತ ಶಿಗ್ಗಾವಿಯ ಕಡೆಯಿಂದ ಟ್ರ್ಯಾಕ್ಟರು ಹೊಡೆದುಕೊಂಡು ಬರುವ ಅವನು ಊರೂರಿಗೆಲ್ಲ ಪರಿಚಿತ. ಅವನು ಬರುವ ದಿನವನ್ನೇ ನೋಡಿಕೊಂಡು ಮಾವ ತನ್ನ ಪಿಸ್ಟನ್ನು, ರಾಡುಗಳನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿದ. ಗುಜರಿಯವನ ಕಣ್ಣು ಮಿಂಚಿತು. ಚೀಲಕ್ಕೆ ತುಂಬಿ ಕೊಕ್ಕೆಯ ಕಾಟಾಕ್ಕೆ ನೇತುಹಾಕಿದ. ಮುಳ್ಳು ಅಲುಗಲಿಲ್ಲ. ಕಾಟಾವನ್ನು ಒದರಿದ, ಬಡಿದ, ಊದಿದ. ತನ್ನ ಸುತ್ತಿಗೆ ತೂಗಿ ನೋಡಿದ, ಸರಿಯಾಗಿ ತೋರಿಸಿತು. ಮತ್ತೆ ಚೀಲ ಹಾಕಿದ, ಮತ್ತೆ ಸೊನ್ನೆ. ಬೆವರು ಒರೆಸಿಕೊಂಡು ಕಟ್ಟೆಯ ಮೇಲೆ ಕುಸಿದು ಕುಳಿತವನು ದುಃಖದಿಂದ ಹೇಳಿದ. "ನನ್ನ ಕಾಟಾ ಕಡಿಮಿ ತೂಗತೈತಿ ಅಂತ ಮಂದಿ ಅಂತಿದ್ರು ಖರೇರಿ. ಆದ್ರ ದೇವರಾಣಿ, ಇಷ್ಟ ಕಡಿಮಿ ತೂಗತೈತಿ ಅಂತ ನನಗ ಗೊತ್ತಿದ್ದಿಲ್ಲ!"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮಾವ ನಗಲಿಲ್ಲ. ಗುಜರಿಯವನು ಹೋದ ಮೇಲೆ ನನ್ನ ಕಡೆ ತಿರುಗಿ, "ಖರೇ ಕಬ್ಬಿಣ ಒಯ್ದನಲ್ಲ ಅಂವಾ, ಇರಲಿ, ಸುಳ್ಳ ಕಬ್ಬಿಣಾನೂ ನೋಡಲಿ ಅಂತ ಕರದೆ" ಎಂದ.

ಆಗ ನಾನು ನಗು ನಿಲ್ಲಿಸಿದೆ. ಯಾಕೆಂದರೆ ಅವನು ಒಯ್ದ ಖರೇ ಕಬ್ಬಿಣ ನಮ್ಮ ಅಪ್ಪನ ಇಂಜಿನ್ನು. ಅದನ್ನು ಕೊಟ್ಟವನು ನಾನು.

ಅಕ್ಕಿಆಲೂರಿನ ನಮ್ಮ ಗಿರಣಿಯಲ್ಲಿ ಆಳೆತ್ತರದ ಹಸಿರು ಡೀಸೆಲ್ ಇಂಜಿನ್ನಿತ್ತು. ಅಪ್ಪ ಬೆಳಿಗ್ಗೆ ಹ್ಯಾಂಡಲ್ ಹೊಡೆದು ಎಬ್ಬಿಸಿದರೆ ಊರಿಗೇ ಕೇಳುವಂತೆ ಡುಗುಡುಗು ಎನ್ನುತ್ತಿತ್ತು. ಹಳೆ ಧೋತರದ ಚಿಂದಿಯಿಂದ ಅಪ್ಪ ಅದರ ಮೈಯನ್ನು ದಿನಕ್ಕೆರಡು ಸಲ ಒರೆಸುತ್ತಿದ್ದ. "ನನ್ನ ಮಾರಿ ಒಮ್ಮೀನೂ ಹಂಗ ಒರಸಿಲ್ಲ ನಿಮ್ಮಪ್ಪ" ಎಂದು ಅವ್ವ ಚಾಷ್ಟಿ ಮಾಡುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡ. ನನಗೆ ಹ್ಯಾಂಡಲ್ ಹೊಡೆಯುವ ರಟ್ಟೆಯೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ಕರೆಂಟಿನ ಮೋಟಾರು ತಂದೆ. ಇಂಜಿನ್ನನ್ನು ಗುಜರಿಯವನ ಟ್ರ್ಯಾಕ್ಟರಿಗೆ ಏರಿಸುವ ದಿನ ಹಾನಗಲ್ಲಿನಲ್ಲಿ ಕೆಲಸವಿದೆಯೆಂದು ಸುಳ್ಳು ಹೇಳಿ ಊರು ಬಿಟ್ಟೆ. ಆರು ಮಂದಿ ಹೆಗಲು ಕೊಟ್ಟು ಎತ್ತಿದರಂತೆ. ಸಂಜೆ ಬಂದಾಗ ಅವ್ವ ಏನೂ ಅನ್ನಲಿಲ್ಲ, ರೊಟ್ಟಿ ಹಾಕಿದಳು. ಏನಾದರೂ ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾವನ ಹಿತ್ತಿಲ ಕೋಣೆಯಲ್ಲಿ ಎರಡು ವರ್ಷದಿಂದ ತಯಾರಾಗುತ್ತಿದ್ದದ್ದು ಅದೇ ಇಂಜಿನ್ನು! ತನ್ನ ಅಕ್ಕ, ಅಂದರೆ ನಮ್ಮ ಅವ್ವನಿಗಾಗಿ, ಗುಟ್ಟಾಗಿ ಮಾಡುತ್ತಿದ್ದ. ಆಧಾರಕ್ಕಿದ್ದದ್ದು ಒಂದೇ ಒಂದು ಮಾಸಿದ ಬಣ್ಣದ ಫೋಟೋ. ಎರಡು ವರ್ಷದ ಮಗು ನಾನು ಅಪ್ಪನ ಕಂಕುಳಲ್ಲಿ, ಅಪ್ಪನ ಇನ್ನೊಂದು ಕೈ ಇಂಜಿನ್ನಿನ ಮೇಲೆ. ಆ ಫೋಟೋದಲ್ಲಿ ಇಂಜಿನ್ನಿನ ನೆತ್ತಿಯ ಮೇಲೆ ರೂಪಾಯಿಯಗಲದ ಒಂದು ಕೆಂಗಂದು ಕಲೆಯಿದೆ. "ತುಕ್ಕು" ಎಂದು ಮಾವ ನಿರ್ಣಯ ಮಾಡಿದ. ಆದರೆ ಆ ಬಣ್ಣ ಮಾತ್ರ ಅವನ ಕೈಗೆ ಬರಲೊಲ್ಲದು. "ಈ ತುಕ್ಕಿನ್ಯಾಗ ಏನೋ ಒಂದು ಹಟಮಾರಿ ಕೆಂಪೈತಿ ನೋಡಲೇ. ಇಟ್ಟಂಗಿ ಪುಡಿಗೂ ಬರವಲ್ದು, ಕಾವಿಗೂ ಬರವಲ್ದು" ಎಂದು ಗೊಣಗುತ್ತ ಎಷ್ಟು ಸಲ ಬಳಿದು ಕೆರೆದನೋ ಲೆಕ್ಕವಿಲ್ಲ.

ಕೊನೆಗೆ ಈ ಬೇಸಿಗೆಯಲ್ಲಿ ಒಂದು ಭಾನುವಾರ ಅವ್ವನನ್ನು ಹಾನಗಲ್ಲಿಗೆ ಕರೆಸಿದ. ಮೇಜಿನ ಮೇಲೆ ಮೊಣಕೈಯೆತ್ತರದ ಏನನ್ನೋ ಟವೆಲ್ಲಿನಿಂದ ಮುಚ್ಚಿದ್ದ. ಟವೆಲ್ಲು ಎಳೆದ. ಅಪ್ಪನ ಇಂಜಿನ್ನು! ಹಸಿರು ಬಣ್ಣ ಎದ್ದು ಹೋದ ಮೂಲೆಗಳು, ನೀಲಿ ಕಂದಿದ ಸೈಲೆನ್ಸರು, ಎಣ್ಣೆ ಬಟ್ಟಲಿನ ಮುಚ್ಚಳಕ್ಕೆ ಅಪ್ಪ ಸುತ್ತಿದ್ದ ತಂತಿ ಕೂಡ! ಈಗ ಡುಗುಡುಗು ಎಂದೀತೆಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವ್ವ ಅದರ ಸುತ್ತ ಒಂದು ಸುತ್ತು ಬಂದಳು. ತಂತಿ ನೋಡಿ ನಕ್ಕಳು. ಆಮೇಲೆ ನೆತ್ತಿಯ ಮೇಲೆ ಕಣ್ಣು ನಿಂತಿತು.

"ಇದೇನೋ ತಮ್ಮಾ?"

"ತುಕ್ಕು ಅಕ್ಕಾ. ಹೆಂಗ ಬಂದೈತಿ?" ಮಾವನ ಎದೆ ಉಬ್ಬಿತ್ತು.

"ತುಕ್ಕ?" ಅವ್ವನ ಮುಖದ ಬಣ್ಣವೇ ಇಳಿಯಿತು. "ನಮ್ಮ ಮನ್ಯಾರ ಇಂಜಿನ್ನಿಗೆ ತುಕ್ಕ? ದಿನಾ ಎರಡ ಸಲ ಒರಸತಿದ್ರೋ ಅವರು! ಜ್ವರಾ ಬಂದಾಗೂ ಎದ್ದು ಹೋಗಿ ಒರಸ್ಯಾರ! ಅಂಥಾದಕ್ಕ ತುಕ್ಕ ಬಡದೀಯಲ್ಲೋ!"

"ಫೋಟೋದಾಗೈತಿ ಅಕ್ಕಾ!"

"ಫೋಟೋ ಥಂಡಿ ಹಿಡದ ಕೆಟ್ಟೈತಿ. ನಿನ್ನ ಕಣ್ಣೂ ಕೆಟ್ಟಾವು."

ಅತ್ತೆ ತಂದ ಚಹಾ ಮುಟ್ಟದೆ ಅವ್ವ ಚಪ್ಪಲಿ ಮೆಟ್ಟಿದಳು. ನಾವು ಹಿಂದೆ ಓಡಿದರೂ ತಿರುಗಿ ನೋಡದೆ ಬಸ್ ಹತ್ತಿದಳು. ಇಂಜಿನ್ನನ್ನೇ ಮಾರಿದ ಮಗನಿಗೆ ಒಂದು ಮಾತಿಲ್ಲ, ರೂಪಾಯಿಯಗಲದ ತುಕ್ಕು ಬರೆದ ತಮ್ಮನ ಮೇಲೆ ಇಂಥ ಸಿಟ್ಟು!

ಮುಂದೆ ಎರಡು ತಿಂಗಳು ಅಕ್ಕ ತಮ್ಮ ಮಾತಿಲ್ಲ, ಕಥೆಯಿಲ್ಲ. ನಡುವೆ ನಾನು ಟಪಾಲು ಒಯ್ಯುವವನಾದೆ. "ತುಕ್ಕ ಕೆರದ ಒಗಿಯೂ ತನಕ ಅವನ ಹೊಸ್ತಿಲಾ ತುಳಿಯಂಗಿಲ್ಲ ಅಂತ ಹೇಳು" ಎಂದು ಅವ್ವ. "ಇದ್ದದ್ದ ಇದ್ದಂಗ ಮಾಡೇನಿ. ನಾಳೆ ನಿಮ್ಮಪ್ಪನ ಮೂಗಿನ ಮ್ಯಾಲಿನ ಮಚ್ಚೀನೂ ತಗಿ ಅಂದಾಳು, ತಗೀಲೇನು?" ಎಂದು ಮಾವ. ಮಾವನಿಗೆ ತನ್ನ ಕೈಯ ನಿಷ್ಠೆ ದೊಡ್ಡದು, ಅವ್ವನಿಗೆ ಗಂಡನ ಮರ್ಯಾದೆ ದೊಡ್ಡದು. ಇಬ್ಬರದೂ ಖರೆ ಎನಿಸಿದರೆ ನಡುವಿನವನು ಏನು ಮಾಡಬೇಕು?

ಅಷ್ಟರಲ್ಲಿ ನಾಗರ ಪಂಚಮಿ ಹತ್ತಿರ ಬಂತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆಯಬೇಕು, ಅಕ್ಕತಂಗಿಯರು ತವರಿಗೆ ಹೋಗಿ ಉಂಡಿ ತಿಂದು ಜೋಕಾಲಿ ಆಡಬೇಕು. ಮದುವೆಯಾದಾಗಿನಿಂದ ಅವ್ವ ಒಂದು ಪಂಚಮಿಯನ್ನೂ ತಪ್ಪಿಸಿಲ್ಲ. ಅಪ್ಪ ಹೋದ ವರ್ಷವೂ ಮಾವ ಬಂದು, ಬರಲೊಲ್ಲೆನೆಂದು ಅಳುತ್ತಿದ್ದವಳನ್ನು ಕೈಹಿಡಿದು ಕರೆದೊಯ್ದಿದ್ದ. ಈ ವರ್ಷ ಅವ್ವ ಕೈಚೀಲಕ್ಕೆ ಎರಡು ಸೀರೆ ಇಟ್ಟಳು. ಮರುದಿನ ತೆಗೆದು ಟ್ರಂಕಿಗೆ ಹಾಕಿದಳು. ಅದರ ಮರುದಿನ ಮತ್ತೆ ಇಟ್ಟಳು. ನಾನು ನೋಡಿದ್ದನ್ನು ನೋಡಿ, "ಚೀಲಕ್ಕ ನುಸಿ ಬಿದ್ದಾವೇನಂತ ನೋಡಾಕತ್ತಿದ್ದೆ" ಎಂದಳು. ತವರಿನ ಹಾದಿ ಈ ಒಂದು ಕಲೆಗೆ ಮುಚ್ಚಿಹೋಗುತ್ತದಲ್ಲ ಎಂದು ನನಗೆ ಅಳುವೇ ಬಂದಂತಾಯಿತು.

ಪಂಚಮಿಗೆ ಐದು ದಿನ ಮೊದಲು ಅಮಾವಾಸ್ಯೆ. ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ಮಾವ ಪ್ರತ್ಯಕ್ಷನಾದ! ಬಗಲಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ, ಜೇಬಿನಲ್ಲಿ ಆ ಫೋಟೋ, ಕೈಯಲ್ಲಿ ಭೂತಗನ್ನಡಿ. ಪಂಚಮಿಗೆ ಕರೆಯಲು ಬಂದವನಂತೆ ಕಾಣಲಿಲ್ಲ, ಕೋರ್ಟಿಗೆ ಸಾಕ್ಷಿ ಸಮೇತ ಬಂದವನಂತಿದ್ದ. "ಎಲ್ಲಿ ನಿಮ್ಮವ್ವ? ಈ ಕನ್ನಡಿಯಿಂದ ಫೋಟೋ ತೋರಸ್ತೇನಿ. ತುಕ್ಕ ಹೌದೋ ಅಲ್ಲೋ ಅಕಿನ ಹೇಳಲಿ."

ಅವ್ವ ಹಿಂದಿನ ಮನೆಯ ಅಡುಗೆಕೋಣೆಯಲ್ಲಿದ್ದಳು. ಗಿರಣಿಯವರು, ಗಾಡಿಯವರು ಅಮಾವಾಸ್ಯೆಗೊಮ್ಮೆ ಮಷೀನಿಗೆ ಪೂಜೆ ಮಾಡುವುದು ನಮ್ಮಲ್ಲಿ ರೂಢಿ. ಅಪ್ಪ ಇರುವವರೆಗೂ ಆ ಪೂಜೆ ಅವ್ವನದು. ಅಪ್ಪ ಹೋದ ಮೇಲೆ ನನ್ನ ಹೆಂಡತಿ ಮಾಡುತ್ತಾಳೆ, ಕಾಯಿ ಒಡೆಯುವ ತನಕ ಅವ್ವ ಅಡುಗೆಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಅಂದೂ ಹೆಂಡತಿ ಮೋಟಾರಿಗೆ ವಿಭೂತಿ ಬಳಿದು ಕುಂಕುಮ ಹಚ್ಚಲು ಕೈ ಎತ್ತಿದ್ದಳು.

"ತಡಿ ತಂಗೀ!" ಎಂದು ಮಾವ ಕೂಗಿದ. ಹೆಂಡತಿಯ ಕೈಯ ತಟ್ಟೆ ಬೀಳುವುದೊಂದು ಬಾಕಿ. "ಹೊಸಾ ಮೋಟರಿಗೆ ತುಕ್ಕ ಹಿಡಿಸೀರಲ್ಲೋ!"

"ನನ್ನ ಮೋಟರಿಗೆ ತುಕ್ಕ? ಎಲ್ಲೈತಿ ತುಕ್ಕ?" ನಾನು ರೇಗಿದೆ. ರೇಗಿದ ಮೇಲೆ ನನ್ನ ದನಿ ಥೇಟ್ ಅವ್ವನದೇ ಎಂಬುದು ಅರಿವಾಗಿ ಬೆಚ್ಚಿದೆ.

ಮೋಟಾರಿನ ನೆತ್ತಿಯ ಮೇಲೆ ರೂಪಾಯಿಯಗಲದ ಕೆಂಗಂದು ಹಕ್ಕಳೆ. ಮಾವ ಉಗುರಿನಿಂದ ಕೆರೆದ. ಬೆರಳುಗಳ ನಡುವೆ ತಿಕ್ಕಿ ಮೂಸಿ ನೋಡಿದ.

"ತುಕ್ಕಲ್ರೀ ಮಾವಾರ, ಕುಂ‌ಕುಮ" ಎಂದಳು ನನ್ನ ಹೆಂಡತಿ. "ಪ್ರತಿ ಅಮಾಶಿಗೂ ಅಲ್ಲೇ ಹಚ್ಚತೇನ್ರಿ. ಎಣ್ಣಿ ಕುಡದು ಹಂಗ ಆಗೇತಿ. ಅತ್ತಿಯಾರೂ ಇಂಜಿನ್ನಿಗೆ ನೆತ್ತಿ ಮ್ಯಾಲನ ಹಚ್ಚತಿದ್ರಂತ. ಅವರ ತೋರಿಸಿಕೊಟ್ಟದ್ದು."

ಊರಿಗೆಲ್ಲ ಗಾಬರಿ ಹಂಚಿದ ನಮ್ಮ ಮಾವ ಗಾಬರಿಯಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಜೋಳದ ಚೀಲದ ಮೇಲೆ ಕುಸಿದು ಕುಳಿತ. ಜೇಬಿನಿಂದ ಫೋಟೋ ತೆಗೆದು ಭೂತಗನ್ನಡಿ ಹಿಡಿದ. "ಎಷ್ಟ ವರ್ಷದ ಅಮಾಶಿ ಲೇ ಇವು... ಒಂದರ ಮ್ಯಾಲ ಒಂದು, ಒಂದರ ಮ್ಯಾಲ ಒಂದು. ನಾ ತುಕ್ಕ ಅಂದೆ" ಎಂದ. ನನಗೂ ಮುಖ ಮರೆಸಿಕೊಳ್ಳುವಂತಾಯಿತು. ಪ್ರತಿ ತಿಂಗಳೂ ಕಾಯಿಯ ಚೂರಿಗಾಗಿ ಅವ್ವನ ಸೀರೆ ಹಿಡಿದು ಪಕ್ಕದಲ್ಲೇ ನಿಲ್ಲುತ್ತಿದ್ದವನು ನಾನು. ನನಗೆ ಚೂರು ನೆನಪಿತ್ತು, ಕುಂಕುಮ ನೆನಪಿರಲಿಲ್ಲ.

ಮಾವ ಎದ್ದು ಪೆಟ್ಟಿಗೆ ಎತ್ತಿಕೊಂಡು ನೇರ ಅಡುಗೆಕೋಣೆಗೆ ನಡೆದ. ನಾವು ಹಿಂದೆ ಹೋದೆವು. ಅವ್ವ ಒಲೆಯ ಕಡೆ ತಿರುಗಿಕೊಂಡಳು. ಮಾವ ಇಂಜಿನ್ನನ್ನು ಹೊರತೆಗೆದು ಅವಳ ಮುಂದೆ ಇಟ್ಟ, ಜೇಬಿನಿಂದ ಬ್ಲೇಡು ತೆಗೆದ. ನೊಣ ಕುಳಿತರೂ ಊದಿ ಓಡಿಸುತ್ತಿದ್ದ ಆ ಬಣ್ಣವನ್ನು ನಮ್ಮ ಕಣ್ಣೆದುರೇ ಕರಕರ ಕೆರೆಯತೊಡಗಿದ! ಎರಡು ವರ್ಷದ ತುಕ್ಕು ಪುಡಿಯಾಗಿ ಉದುರಿತು. ನೆತ್ತಿಯಲ್ಲಿ ಬೋಳು ರಟ್ಟು ಕಂಡಿತು.

"ಅಕ್ಕಾ, ಅದು ತುಕ್ಕಲ್ಲ. ನಿನ್ನ ಕುಂಕುಮ."

ಅವ್ವ ತಿರುಗಿದಳು. ಆ ಬೋಳು ಜಾಗವನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಮೆಲ್ಲಗೆ, "ಒಣಾ ಕುಂಕುಮ ನಿಲ್ಲತಿದ್ದಿಲ್ಲೋ. ಇಂಜಿನ್ ನಡಗತಿತ್ತಲ್ಲ. ಅದಕ್ಕ ಆಯಿಲ್‌ನ್ಯಾಗ ಬೆರಳ ಅದ್ದಿ ಹಚ್ಚತಿದ್ದೆ. ಒರಸೂಮುಂದ ಅದೊಂದನ್ನ ಬಿಟ್ಟ ಒರಸತಿದ್ರು ಅವರು" ಎಂದಳು.

"ಆಯಿಲ್!" ಮಾವ ಹಣೆ ಬಡಿದುಕೊಂಡ. "ಎರಡ ವರ್ಷ ಕೆಂಪು ಹುಡಕೇನಿ ನಾನು! ಮೊದಲ ಹೇಳಬಾರದೇನ?"

"ನೀ ಕೇಳಿದೇನು? ತುಕ್ಕ ಅಂದಿ."

ಮಾವ ನನ್ನ ಹೆಂಡತಿಯ ಕೈಯಿಂದ ಕುಂಕುಮದ ಭರಣಿ ತೆಗೆದುಕೊಂಡು ಅವ್ವನ ಮುಂದೆ ಹಿಡಿದ. ಅವ್ವ ಕೈ ಹಿಂದಕ್ಕೆಳೆದುಕೊಂಡಳು. "ಬ್ಯಾಡೋ. ಅವರ ಹೋದ ಮ್ಯಾಲ ನಾ ಭರಣಿ ಮುಟ್ಟಿಲ್ಲ. ನಾ ಹಚ್ಚಬಾರದು. ನೀನ ಹಚ್ಚು, ನಿನ್ನ ಕೈ ಚಲೋ ಐತಿ."

"ನಾ ಹಚ್ಚಿದ್ರ ಬಣ್ಣ ಆಕ್ಕೈತಿ ಅಕ್ಕಾ" ಎಂದ ಮಾವ. "ನೀ ಹಚ್ಚಿದ್ರನ ಕುಂಕುಮ."

ನಾನು ಗಿರಣಿಗೆ ಓಡಿ ಮೋಟಾರಿನ ಎಣ್ಣೆ ಡಬ್ಬಿ ತಂದೆ. ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು. ಉಂಗುರಬೆರಳನ್ನು ಎಣ್ಣೆಗೆ ಅದ್ದಿದಳು, ಕುಂಕುಮಕ್ಕೆ ಒತ್ತಿದಳು, ಇಂಜಿನ್ನಿನ ನೆತ್ತಿಗೆ ಹಚ್ಚಿದಳು. ಬೆರಳು ಅಲ್ಲೇ ಸ್ವಲ್ಪ ಹೊತ್ತು ಇತ್ತು, ಇಂಜಿನ್ನು ನಡುಗೀತೇನೋ ಎಂದು ಕಾದಂತೆ. ಮಾವ ಫೋಟೋವನ್ನು ಪಕ್ಕದಲ್ಲಿಟ್ಟು ನೋಡಿದ. ಆ ಹಟಮಾರಿ ಕೆಂಪು ಅಲ್ಲಿತ್ತು. ಅವನು ಭೂತಗನ್ನಡಿ ಮುಟ್ಟಲಿಲ್ಲ, ಗೋಡೆಯ ಕಡೆ ತಿರುಗಿ ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡ. ಆಮೇಲೆ ಆ ಕಡೆ ನೋಡುತ್ತಲೇ, "ಪಂಚಮಿಗೆ ಕರಿಯಾಕ ಬಂದೇನಿ. ಸಂಜೀ ಬಸ್ಸಿಗೆ ಹೋಗೂಣು" ಎಂದ. "ಚೀಲಾ ತಯಾರೈತಿ" ಎಂದಳು ಅವ್ವ.

ಹೊರಡುವ ಮುಂಚೆ ಇಂಜಿನ್ನನ್ನು ಪಡಸಾಲೆಯಲ್ಲಿ ಅಪ್ಪನ ಫೋಟೋದ ಕೆಳಗಿನ ಗೋಡೆಮಾಡದಲ್ಲಿ ಇಡಬೇಕೆಂದಳು. ತಾನೇ ಬಗ್ಗಿ, ಒಂದು ಕೈ ಬುಡಕ್ಕೆ ಕೊಟ್ಟು, ಇನ್ನೊಂದು ಕೈಯಿಂದ ಅವಚಿ, ಉಸಿರು ಹಿಡಿದು ಎತ್ತಿದಳು. ಬೀಗರು ಎತ್ತಿದ್ದನ್ನು ನೋಡಿದವನು ನಾನು, ಗುಜರಿಯವನು ತೂಗಿದ್ದನ್ನು ನೋಡಿದವನು. ನಗು ಬರಬೇಕಿತ್ತು.

"ನೋಡ್ಕೋತ ನಿಂತಿ ಏನೋ? ಆ ಕಡೆ ಹಿಡಿ, ಒಬ್ಬಾಕಿಗೆ ಆಗವಲ್ದು" ಎಂದಳು ಅವ್ವ. "ಭಾರೈತಿ."

ಮಾವ ನನ್ನನ್ನು ನೋಡಿದ. ನಾನು ಹೋಗಿ ಆ ಕಡೆ ಎರಡೂ ಕೈ ಕೊಟ್ಟು ಹಿಡಿದೆ. ನಿಜ ಹೇಳುತ್ತೇನೆ, ಭಾರವಿತ್ತು.